ಬೆಂಗಳೂರಲ್ಲಿ ಒಳ್ಳೇ ಕಾಫಿ ಅಂಗಡಿ ಹುಡುಕೋದು ಹೇಗೆ? ಪುಡಿ ಅಂಗಡಿಯಿಂದ ಶುರುಮಾಡಿ

ನಮ್ಮ ಭಾವನವರದು ಮೂಡಿಗೆರೆ ಕಡೆ ಕಾಫಿ ತೋಟ. ವರ್ಷಕ್ಕೆ ನಾಲ್ಕೈದು ಸಲ ಬೆಂಗಳೂರಿಗೆ ಬರುತ್ತಾರೆ. ಬಂದಾಗಲೆಲ್ಲ ಹೋಟೆಲಿನಲ್ಲಿ ಅವರು ಹೇಳುವುದು ಟೀ. ಯಾಕೆ ಭಾವ ಅಂದರೆ, "ಇಲ್ಲಿ ಕಾಫಿ ಕುಡಿದರೆ ನನ್ನ ತೋಟದ ಮೇಲೇ ಬೇಜಾರು ಬರುತ್ತೆ ಮಾರಾಯ" ಅನ್ನುತ್ತಾರೆ. ಅವರಿಂದ ಒಂದು ಲೋಟ ಕಾಫಿ ಖಾಲಿ ಮಾಡಿಸಲೇಬೇಕು ಅನ್ನುವ ಹಟಕ್ಕೆ ಬಿದ್ದು ನಾನು ಈ ಊರಿನ ಬೀದಿಗಳನ್ನು ಸುಮಾರು ಸುತ್ತಿದ್ದೇನೆ. ದುಡ್ಡೂ ಕಳೆದುಕೊಂಡಿದ್ದೇನೆ, ಹೊಟ್ಟೆಯನ್ನೂ ಕೆಡಿಸಿಕೊಂಡಿದ್ದೇನೆ. ಆ ಸುತ್ತಾಟದಲ್ಲಿ ಕೈಗೆ ಹತ್ತಿದ ದಾರಿ ಇದು. ಬೇರೆ ಊರಿಗೂ ಅಷ್ಟಿಷ್ಟು ಹೊಂದೀತು, ಆದರೆ ನಾನು ಬರೆಯುತ್ತಿರುವುದು ಬೆಂಗಳೂರನ್ನು ಕಣ್ಣೆದುರು ಇಟ್ಟುಕೊಂಡೇ.

ಹಂತ 1: ಯಾವ ಬಗೆಯ ಅಂಗಡಿ ಬೇಕು ಅಂತ ಗೊತ್ತುಮಾಡಿಕೊಳ್ಳಿ

ಇಲ್ಲಿ ಕಾಫಿ ಅಂಗಡಿಗಳಲ್ಲಿ ಮುಖ್ಯವಾಗಿ ಮೂರು ಜಾತಿ. ನಿಂತು ಕುಡಿದು ಲೋಟ ಇಟ್ಟು ಹೊರಡುವ ದರ್ಶಿನಿ, ಕಾಫಿ ಬಾರ್‌ಗಳು ಒಂದು. ಕೂತು ಪೇಪರ್ ಓದಿ, ಎದುರಿಗೆ ಕೂತವರ ಜತೆ ವಾದ ಮಾಡಿ ಏಳಬಹುದಾದ ಹಳೇ ಹೋಟೆಲುಗಳು ಇನ್ನೊಂದು. ತಾವೇ ಬೀಜ ಹುರಿದು, ತೋಟದ ಹೆಸರನ್ನು ಬೋರ್ಡಿನ ಮೇಲೆ ಬರೆದು, ಹಾಲಿಲ್ಲದೆ ಕುಡಿಯಿರಿ ಅಂತ ಮೆತ್ತಗೆ ಒತ್ತಾಯಿಸುವ ಹೊಸ ಕೆಫೆಗಳು ಮೂರನೆಯದು. ದರ್ಶಿನಿಗೆ ಹೋಗಿ ಲ್ಯಾಪ್‌ಟಾಪ್ ಇಡಲು ಜಾಗ ಹುಡುಕಿದರೂ ಬೇಸರ, ಹೊಸ ಕೆಫೆಗೆ ಹೋಗಿ ಇಪ್ಪತ್ತು ರೂಪಾಯಿ ಕಾಫಿ ಕೇಳಿದರೂ ಬೇಸರ.

ಮೂರನೇ ಜಾತಿ ನಮ್ಮಲ್ಲಿ ತಡವಾಗಿ ಬಂದದ್ದಕ್ಕೆ ಒಂದು ಕಾರಣವಿದೆ. ಸುಮಾರು ಐವತ್ತು ವರ್ಷ, ಬೆಳೆಗಾರರು ತಮ್ಮ ಬೀಜವನ್ನು ಸರ್ಕಾರದ ಕಾಫಿ ಬೋರ್ಡ್ ನಡೆಸುತ್ತಿದ್ದ ಒಟ್ಟು ಸಂಗ್ರಹಕ್ಕೆ, ಅಂದರೆ ಪೂಲ್‌ಗೆ ಕೊಡಬೇಕಿತ್ತು. ಎಲ್ಲರ ಬೀಜವೂ ಒಂದೇ ರಾಶಿಗೆ ಬೀಳುತ್ತಿದ್ದಾಗ, ಇದು ಇಂಥ ತೋಟದ್ದು ಅಂತ ಲೋಟದ ಹತ್ತಿರ ನಿಂತು ಹೇಳುವುದೆಲ್ಲಿ ಬಂತು? 1992ರಿಂದ ಆ ಕಟ್ಟು ಒಂದೊಂದಾಗಿ ಸಡಿಲವಾಗುತ್ತ 1996ರಲ್ಲಿ ಪೂರ್ತಿ ಬಿಚ್ಚಿಕೊಂಡಿತು. ಅದೇ 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಬಾಗಿಲು ತೆರೆಯಿತು. ಚೈನ್ ಅಂಗಡಿಗಳನ್ನು ಬೈಯುವ ನಮ್ಮಂಥವರೂ ಒಪ್ಪಬೇಕು, ಕಾಫಿಗೆ ಹೆಚ್ಚು ದುಡ್ಡು ಕೊಟ್ಟು ಗಂಟೆಗಟ್ಟಲೆ ಕೂರುವ ಚಟ ಹತ್ತಿಸಿದ್ದು ಅವೇ.

ಹಾಗಾದರೆ 'ಸ್ವತಂತ್ರ' ಅಂಗಡಿ ಯಾವುದು? ನಾನು ಶಾಖೆಗಳನ್ನು ಎಣಿಸುವುದಿಲ್ಲ. ನಾಳೆಯಿಂದ ಬೇರೆ ಪುಡಿ ಹಾಕಬೇಕು ಅಂದರೆ ಇಲ್ಲಿ ಯಾರನ್ನು ಕೇಳಬೇಕು ಅನ್ನುವುದೇ ನನ್ನ ಪ್ರಶ್ನೆ. ಆ ಮನುಷ್ಯ ಗಲ್ಲಾಪೆಟ್ಟಿಗೆಯಲ್ಲೇ ಕೂತಿದ್ದರೆ, ಅಥವಾ ಸಂಜೆ ಸ್ಕೂಟರಿನಲ್ಲಿ ಬಂದು ಲೆಕ್ಕ ನೋಡುವವನಾದರೆ, ಅದು ಸ್ವತಂತ್ರ. ಉತ್ತರ ಬೇರೆ ಊರಿನ ಆಫೀಸಿನಲ್ಲಿದ್ದರೆ ಅಲ್ಲ. ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್ ಈ ಲೆಕ್ಕದಲ್ಲಿ ಸ್ವಲ್ಪ ತಮಾಷೆಯ ಕೇಸು. ಕಾರ್ಮಿಕರ ಸಹಕಾರ ಸಂಘ ಅದನ್ನು ನಡೆಸುವುದರಿಂದ, ಪೇಟ ಸುತ್ತಿಕೊಂಡು ಕಾಫಿ ತಂದಿಡುವವರೇ ಒಂದರ್ಥದಲ್ಲಿ ಮಾಲೀಕರು. 2009ರಲ್ಲಿ ಎಂ.ಜಿ. ರಸ್ತೆ ಬಿಟ್ಟು ಅಲ್ಲಿಗೆ ಬಂತು. ಎಂ.ಜಿ. ರಸ್ತೆಯ ಹಳೇ ಗಿರಾಕಿಗಳ ಗೊಣಗಾಟ ಇನ್ನೂ ನಿಂತಿಲ್ಲ.

ಹಂತ 2: ಇಡೀ ಊರು ಬೇಡ, ಒಂದು ಮೆಟ್ರೋ ನಿಲ್ದಾಣ ಸಾಕು

ಕೋರಮಂಗಲದಿಂದ ಮಲ್ಲೇಶ್ವರಕ್ಕೆ ಕಾಫಿಗೆ ಹೋಗಿಬರುವಷ್ಟರಲ್ಲಿ ಬಾಯಾರಿಕೆಯಲ್ಲ, ತಾಳ್ಮೆಯೇ ಬತ್ತುತ್ತದೆ. ಒಂದು ನಿಲ್ದಾಣದಲ್ಲಿ ಇಳಿದು, ಕಾಲ್ನಡಿಗೆಯಲ್ಲಿ ಮುಗಿಯುವಷ್ಟು ಜಾಗವನ್ನು ಒಂದು ಬೆಳಗಿಗೆ ಇಟ್ಟುಕೊಳ್ಳಿ.

ಮೊದಲ ಸಲಕ್ಕೆ ಬಸವನಗುಡಿ ಸರಿ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಗಾಂಧಿ ಬಜಾರ್ ನಡೆಯುವ ದೂರ. 1943ರ ವಿದ್ಯಾರ್ಥಿ ಭವನ ಹೋಟೆಲು ಅಲ್ಲೇ, ಶುಕ್ರವಾರ ರಜೆ ಅನ್ನುವುದನ್ನು ಮರೆಯಬೇಡಿ. ಶಂಕರಪುರದಲ್ಲಿ 1965ರಿಂದ ಬ್ರಾಹ್ಮಿನ್ಸ್ ಕಾಫಿ ಬಾರ್ ಇದೆ. ಕುರ್ಚಿ ಹುಡುಕಬೇಡಿ, ಮೆಟ್ಟಿಲೋ ಕಟ್ಟೆಯೋ ಸಿಕ್ಕಿದರೆ ಪುಣ್ಯ. ಮಲ್ಲೇಶ್ವರವಾದರೆ ಸಂಪಿಗೆ ರಸ್ತೆ ನಿಲ್ದಾಣದಿಂದ ಮಾರ್ಗೋಸಾ ರಸ್ತೆ ಹಿಡಿದು ಸಿಟಿಆರ್, ವೀಣಾ ಸ್ಟೋರ್ಸ್ ಅನ್ನುವ ತಿಂಡಿ ಹೋಟೆಲುಗಳ ಕಡೆಗೆ ನಡೆಯಿರಿ. ಎಂ.ಜಿ. ರಸ್ತೆಯಲ್ಲಿ ಇಳಿದರೆ ಕಾಫಿ ಹೌಸ್, ಸೇಂಟ್ ಮಾರ್ಕ್ಸ್ ರಸ್ತೆಯ ಕೋಶಿಸ್ ಹೋಟೆಲು. ಹೊಸ ಕೆಫೆಗಳೇ ಬೇಕೆಂದರೆ ಇಂದಿರಾನಗರ ನಿಲ್ದಾಣದಲ್ಲಿ ಇಳಿದು ಅಡ್ಡರಸ್ತೆಗಳೊಳಗೆ ನುಗ್ಗಬೇಕು.

ಈ ಹೆಸರುಗಳು ಎಲ್ಲರಿಗೂ ಗೊತ್ತು. ಇವು ನಿಮಗೆ ಅಳತೆಗೋಲು ಮಾತ್ರ. ಇವುಗಳಲ್ಲಿ ಒಂದೆರಡು ಕಡೆ ಕುಡಿದು ನಾಲಿಗೆಗೆ ಒಂದು ಅಂದಾಜು ಕೊಟ್ಟುಕೊಂಡು, ಆಮೇಲೆ ಹೆಸರಿಲ್ಲದ ಅಂಗಡಿ ಹುಡುಕಲು ಹೊರಡಿ.

ಹಂತ 3: ಮೊದಲು ಪುಡಿ ಅಂಗಡಿಗೆ ಹೋಗಿ

ಇಷ್ಟು ಬರೆಯಲು ಹೊರಟದ್ದೇ ಈ ಹಂತಕ್ಕಾಗಿ. ಹಳೇ ಬಡಾವಣೆಗಳಲ್ಲೆಲ್ಲ ಒಂದಾದರೂ ಕಾಫಿಪುಡಿ ಅಂಗಡಿ ಇರುತ್ತದೆ. ಹತ್ತಡಿ ಅಗಲ, ಗಾಜಿನ ಡಬ್ಬಗಳಲ್ಲಿ ಹುರಿದ ಬೀಜ, ಹಿಂದುಗಡೆ ಗುಂಯ್ ಅನ್ನುವ ಗ್ರೈಂಡರ್. ಅದರ ವಿಳಾಸ ನಿಮ್ಮ ಮೂಗೇ ಹೇಳುತ್ತದೆ. ಸುತ್ತಮುತ್ತಲ ಯಾವ ಹೋಟೆಲು ಯಾವ ಪುಡಿ ಒಯ್ಯುತ್ತದೆ, ಯಾರು ಚಿಕೋರಿ ಏರಿಸಿದರು, ಯಾರು ಬಾಕಿ ಇಟ್ಟಿದ್ದಾರೆ, ಎಲ್ಲ ಆ ಕೌಂಟರಿನ ಹಿಂದೆ ಇರುವವರಿಗೆ ಗೊತ್ತು.

ಆದರೆ ಹೋದ ತಕ್ಷಣ ಕೇಳಿದರೆ ಹೇಳುವುದಿಲ್ಲ. ಮೊದಲು ಕಾಲು ಕಿಲೋ ಪುಡಿ ಕೊಳ್ಳಿ. ಕೊಳ್ಳುವಾಗ ಅವರ ಭಾಷೆ ಸ್ವಲ್ಪ ತಿಳಿದಿದ್ದರೆ ಮಾತು ಬೆಳೆಯುತ್ತದೆ. 'ಪ್ಲಾಂಟೇಷನ್' ಅಂದರೆ ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಅರೇಬಿಕಾ ಜಾತಿಯ ಕಾಫಿ. ಅದರಲ್ಲಿ ಎ, ಬಿ ಅಂತ ಬೀಜದ ಗಾತ್ರದ ಮೇಲೆ ದರ್ಜೆ. 'ಪಿಬಿ' ಅಂದರೆ ಪೀಬೆರಿ, ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ಬೆಳೆದು ಉರುಟಾಗಿರುವಂಥದ್ದು. 'ಚೆರ್ರಿ' ಅಂದರೆ ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದ್ದು. ರೊಬಸ್ಟಾ ಅನ್ನುವ ಇನ್ನೊಂದು ಜಾತಿ ಸೇರಿದರೆ ಡಿಕಾಕ್ಷನ್‌ಗೆ ಕಸುವು ಬರುತ್ತದೆ, ಕಹಿಯೂ ಬರುತ್ತದೆ. "ಪಿಬಿ, ಪ್ಲಾಂಟೇಷನ್ ಎ ಅರ್ಧರ್ಧ, ಚಿಕೋರಿ ಇಪ್ಪತ್ತು" ಅಂತ ಒಮ್ಮೆ ಹೇಳಿ ನೋಡಿ, ಕೌಂಟರಿನವರು ಕನ್ನಡಕದ ಮೇಲಿಂದ ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ.

ಚಿಕೋರಿ ಬಗ್ಗೆ ಎರಡು ಮಾತು. ಅದೊಂದು ಬೇರು. ಹುರಿದು ಪುಡಿ ಮಾಡಿದರೆ ಬಣ್ಣ ಕೊಡುತ್ತದೆ, ಡಿಕಾಕ್ಷನ್ ಗಟ್ಟಿ ಮಾಡುತ್ತದೆ, ಕೆಫೀನ್ ಮಾತ್ರ ಇಲ್ಲ. ಅದು ಕಲಬೆರಕೆ ಅಲ್ಲ, ನಮ್ಮ ಫಿಲ್ಟರ್ ಕಾಫಿಯ ರುಚಿಯೇ ಅದರ ಜತೆ ಬೆಳೆದದ್ದು. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡ ಇರಬೇಕು, ಎಷ್ಟೆಷ್ಟು ಅಂತ ಪೊಟ್ಟಣದ ಮೇಲೆ ಬರೆದಿರಲೂ ಬೇಕು. ಅಂದರೆ 49ರವರೆಗೆ ಚಿಕೋರಿ ಹಾಕಿದರೂ ಯಾರೂ ಕೇಳುವಂತಿಲ್ಲ. 20, 30 ನನಗೆ ಒಪ್ಪಿಗೆ. ಅದರ ಮೇಲೆ ಹೋದರೆ ಕಾಫಿ ಕುಡಿಯುತ್ತಿದ್ದೇವೋ ಕಷಾಯವೋ ಅನ್ನುವ ಅನುಮಾನ ಶುರು.

ಭಾವ ಒಮ್ಮೆ ನಮ್ಮ ಅಡುಗೆಮನೆಯಲ್ಲೇ ಇದನ್ನು ತೋರಿಸಿಕೊಟ್ಟರು. ಗಾಜಿನ ಲೋಟದಲ್ಲಿ ತಣ್ಣೀರು ಹಿಡಿದು, ಮೇಲಿನಿಂದ ಚಿಟಿಕೆ ಪುಡಿ ಉದುರಿಸಿದರು. ಒಂದಷ್ಟು ಪುಡಿ ಮೇಲೇ ತೇಲುತ್ತ ನಿಂತಿತು. ಉಳಿದದ್ದು ಕಂದು ಬಣ್ಣದ ಎಳೆ ಎಳೆಯಾಗಿ ಬಾಲ ಬಿಡುತ್ತ ತಳಕ್ಕೆ ಇಳಿಯಿತು. "ತೇಲೋದು ನಮ್ಮದು, ಮುಳುಗೋದು ಚಿಕೋರಿ" ಅಂದರು. ಕಾಫಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಅದು ಬೇಗ ನೀರು ಹೀರುವುದಿಲ್ಲ. ಇದರಿಂದ ಪ್ರಮಾಣ ಲೆಕ್ಕ ಹಾಕಲಾಗದು, ಆದರೆ 'ಪ್ಯೂರ್ ಸಾರ್' ಅಂತ ಕೊಟ್ಟ ಪುಡಿಯ ನೀರು ಅರೆಕ್ಷಣದಲ್ಲಿ ಕಂದಾದರೆ ಆ ಅಂಗಡಿಯ ಮಾತು ಎಷ್ಟು ನಂಬಬಹುದು ಅಂತ ತಿಳಿಯುತ್ತದೆ.

ಎರಡನೇ ಸಲ ಪುಡಿಗೆ ಹೋದಾಗ ಕೇಳಿ: "ನಿಮ್ಮ ಪುಡಿ ಹಾಕಿ ಚೆನ್ನಾಗಿ ಕಾಫಿ ಮಾಡೋ ಹೋಟೆಲ್ ಇಲ್ಲಿ ಯಾವುದು ಸಾರ್?" ನನಗೆ ಹೀಗೆ ಸಿಕ್ಕಿದ ಒಂದು ಅಂಗಡಿಗೆ ಬೋರ್ಡೇ ಇಲ್ಲ. ಹೂವಿನ ಅಂಗಡಿಗೂ ಹೊಲಿಗೆ ಅಂಗಡಿಗೂ ನಡುವೆ, ಬೆಳಿಗ್ಗೆ ಆರರಿಂದ ಹನ್ನೊಂದು, ಸಂಜೆ ನಾಲ್ಕರಿಂದ ಏಳು. ಕಾಫಿ ಬಿಟ್ಟರೆ ಬನ್ನು, ಇನ್ನೇನೂ ಇಲ್ಲ. ಅಂಗಡಿಯವರಿಗೆ ಅಷ್ಟೇ ಸಾಕು.

ಹಂತ 4: ಫೋನಿನ ನಕ್ಷೆಯನ್ನು ತಲೆಕೆಳಗು ಮಾಡಿ ಓದಿ

ಫೋನು ಬೇಡ ಅನ್ನುವಷ್ಟು ಹಟಮಾರಿ ನಾನಲ್ಲ. ಆದರೆ ನಕ್ಷತ್ರ ಎಣಿಸಬೇಡಿ. ಊರಿನ ಪೂರ್ವಭಾಗದ ಒಂದು ಕೆಫೆಗೆ ನಾನು 4.7 ನೋಡಿ ಹೋಗಿದ್ದೆ. ಉಯ್ಯಾಲೆ ಇತ್ತು, ಬಾಳೆಗಿಡ ಇತ್ತು, ಗೋಡೆ ಮೇಲೆ ದೊಡ್ಡದಾಗಿ ಕಾಫಿ ಹಣ್ಣಿನ ಚಿತ್ರ ಇತ್ತು. ಕಾಫಿ ಮಾತ್ರ ಒಲೆಯ ಬೂದಿ ಕದಡಿದ ಹಾಗೆ. ಬೀಜ ಯಾವಾಗ ಹುರಿದದ್ದು ಅಂತ ಕೇಳಿದೆ. ಪಾಪ, ಆ ಹುಡುಗ, "ಸಾರ್, ಮಷಿನ್ ಫುಲ್ ಆಟೋಮ್ಯಾಟಿಕ್" ಅಂದ. ಮನೆಗೆ ಬಂದು ಅಭಿಪ್ರಾಯಗಳನ್ನು ಮತ್ತೆ ಓದಿದರೆ, ಮೊದಲ ಇಪ್ಪತ್ತರಲ್ಲಿ ಕಾಫಿಯ ಮಾತಾಡಿದವರು ಇಬ್ಬರು. ಉಳಿದವರೆಲ್ಲ ಉಯ್ಯಾಲೆಗೆ ಅಂಕ ಕೊಟ್ಟಿದ್ದರು.

ಅಂದಿನಿಂದ ನನ್ನ ಕ್ರಮ ಹೀಗೆ: ಹೊಸ ಅಭಿಪ್ರಾಯಗಳು ಮೊದಲು ಬರುವಂತೆ ಜೋಡಿಸುತ್ತೇನೆ. 'ಡಿಕಾಕ್ಷನ್', 'ರೋಸ್ಟ್', 'ಹಾಲು' ಅನ್ನುವ ಪದ ಹುಡುಕುತ್ತೇನೆ. ಎರಡು, ಮೂರು ನಕ್ಷತ್ರ ಕೊಟ್ಟವರನ್ನು ಪೂರ್ತಿ ಓದುತ್ತೇನೆ. "ಕೂರಲು ಜಾಗವಿಲ್ಲ, ಕಾರು ನಿಲ್ಲಿಸಲು ಆಗುವುದಿಲ್ಲ, ಕಾರ್ಡ್ ತಗೊಳ್ಳಲ್ಲ, ಹತ್ತೂವರೆಗೇ ಮುಗಿದುಹೋಯಿತು" ಅಂತ ಯಾರಾದರೂ ಸಿಟ್ಟಾಗಿದ್ದರೆ ನನಗದು ಆಮಂತ್ರಣ ಪತ್ರಿಕೆ. ಕನ್ನಡದಲ್ಲೂ ಹುಡುಕಿ. 'ಕಾಫಿ', 'ಕಾಫಿಪುಡಿ' ಅಂತ ಕನ್ನಡ ಲಿಪಿಯಲ್ಲಿ ಒತ್ತಿದರೆ ಬೇರೆಯದೇ ಅಂಗಡಿಗಳು ಮೇಲೆ ಬರುವುದುಂಟು.

ಹಂತ 5: ಐದು ನಿಮಿಷ ಹೊರಗೆ ನಿಂತು ನೋಡಿ

ದರ್ಶಿನಿಯ ಅನುಕೂಲವೇ ಇದು, ಕಾಫಿ ಮಾಡುವುದು ಎಲ್ಲರ ಕಣ್ಣೆದುರಿಗೆ. ಟೋಕನ್ ತೆಗೆದುಕೊಳ್ಳುವ ಮೊದಲು ಪಕ್ಕಕ್ಕೆ ನಿಂತು ಕಾಫಿ ಕೌಂಟರಿನ ಕೈಗಳನ್ನು ನೋಡಿ.

ಒಳ್ಳೆಯ ಕೈ ಹೀಗೆ ಕೆಲಸ ಮಾಡುತ್ತದೆ. ಲೋಟಗಳು ಸಾಲಾಗಿ, ತಳದಲ್ಲಿ ಸಕ್ಕರೆ. ಒಂದು ಗಿಂಡಿಯಿಂದ ಡಿಕಾಕ್ಷನ್ ಸಾಲಿನುದ್ದಕ್ಕೂ ಬೀಳುತ್ತದೆ, ಆದರೆ ಎಲ್ಲದಕ್ಕೂ ಒಂದೇ ಅಳತೆಯಲ್ಲ. 'ಸ್ಟ್ರಾಂಗ್' ಅಂದವರ ಲೋಟದ ಮೇಲೆ ಕೈ ಅರೆಕ್ಷಣ ನಿಂತು ಮುಂದೆ ಹೋಗುತ್ತದೆ. ಆಮೇಲೆ ಕುದಿಯುವ ಹಾಲು, ಎತ್ತರದಿಂದ, ನೊರೆ ಕಟ್ಟುವಂತೆ. ಡಿಕಾಕ್ಷನ್ ಪಾತ್ರೆ ಚಿಕ್ಕದಿದ್ದು ಪದೇ ಪದೇ ತುಂಬುತ್ತಿದ್ದರೆ ಒಳ್ಳೆಯ ಲಕ್ಷಣ. ದೊಡ್ಡ ಪಾತ್ರೆ ಬೆಳಗಿನಿಂದ ಬಿಸಿನೀರಿನ ಮೇಲೇ ಕೂತಿದ್ದರೆ, ಆ ಡಿಕಾಕ್ಷನ್ ಹೊತ್ತು ಕಳೆದ ಹಾಗೆ ಹುಳಿ ಕಹಿ ಎರಡೂ ಆಗಿರುತ್ತದೆ.

ಹಾಲನ್ನೂ ನೋಡಿ. ಮತ್ತೆ ಮತ್ತೆ ಕಾಯಿಸಿದ ಹಾಲಿನಲ್ಲಿ ಕೆನೆಯ ಚೂರು ತೇಲುತ್ತದೆ, ಅಡಿ ಹಿಡಿದ ವಾಸನೆ ಸುಳಿಯುತ್ತದೆ. ಆ ವಾಸನೆಗೆ ಕಾಫಿ, ಟೀ, ಬಾದಾಮಿ ಹಾಲು ಅನ್ನುವ ಭೇದವಿಲ್ಲ.

ನಂತರ ಗಿರಾಕಿಗಳನ್ನು ನೋಡಿ. ಎದುರಿನ ಆಟೋ ನಿಲ್ದಾಣದವರು, ಪಕ್ಕದ ಬ್ಯಾಂಕಿನವರು, ವಾಕಿಂಗ್ ಮುಗಿಸಿದ ಮೂವರು ಯಜಮಾನರು ಬರುವ ಅಂಗಡಿ ಕಾಫಿಯಲ್ಲಿ ಮೋಸ ಮಾಡಿ ಬದುಕುವುದು ಕಷ್ಟ. ತೊಳೆಯಲು ಇಟ್ಟ ಲೋಟಗಳ ಕಡೆ ಕೂಡ ಒಮ್ಮೆ ಕಣ್ಣಾಡಿಸಿ. ಅರ್ಧ ಕುಡಿದು ಬಿಟ್ಟವು ಹೆಚ್ಚಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಹಂತ 6: ಏನು ಕೇಳಬೇಕು

ಮೊದಲ ಸಲ ಯಾವ ವಿಶೇಷಣವನ್ನೂ ಹಾಕಬೇಡಿ. "ಅಣ್ಣ, ಒಂದು ಕಾಫಿ" ಅಷ್ಟೇ. ಸ್ಟ್ರಾಂಗ್, ಲೈಟ್, ಸಕ್ಕರೆ ಕಡಿಮೆ ಅಂತ ಸೇರಿಸಿದರೆ ನೀವು ಕುಡಿಯುವುದು ನಿಮ್ಮ ಕಾಫಿ, ಅವರದ್ದಲ್ಲ. ಇಬ್ಬರಿದ್ದರೆ ಬೈಟು ಹೇಳಿ. ಒಂದೇ ಬೆಳಗಲ್ಲಿ ಮೂರು ಅಂಗಡಿ ನೋಡಬೇಕೆಂದರೆ ಬೈಟುವೇ ಗತಿ, ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಎದೆ ಢವಢವ.

ಮೊದಲ ಗುಟುಕು ಬರೀ ಬಿಸಿ ಮತ್ತು ಸಕ್ಕರೆ, ಅದರಿಂದ ಏನೂ ತಿಳಿಯುವುದಿಲ್ಲ. ಅರ್ಧ ಲೋಟ ಆದಮೇಲೆ, ಸ್ವಲ್ಪ ಆರಿದಾಗ ಗಮನ ಕೊಡಿ. ಕಳಪೆ ಕಾಫಿ ಆರುತ್ತ ಹೋದ ಹಾಗೆ ಸುಟ್ಟ ವಾಸನೆ ಬಿಟ್ಟುಕೊಡುತ್ತದೆ. ಒಳ್ಳೆಯದು ಆರಿದ ಮೇಲೂ ಕಾಫಿಯಾಗೇ ಇರುತ್ತದೆ, ಹೊರಟು ಎರಡು ಬೀದಿ ದಾಟಿದ ಮೇಲೂ ಬಾಯಲ್ಲಿ ಉಳಿದಿರುತ್ತದೆ.

ಹಂತ 7: ಹೊಸ ಕೆಫೆಯಲ್ಲಾದರೆ ಪೊಟ್ಟಣ ಓದಿ

ಇಲ್ಲಿ ಕಪಾಟಿನಲ್ಲಿ ಮಾರಾಟಕ್ಕಿಟ್ಟ ಪೊಟ್ಟಣವೇ ಸಾಕ್ಷಿ. ಹುರಿದ ದಿನಾಂಕ ಇದೆಯೇ ನೋಡಿ. 'ಇಷ್ಟು ತಿಂಗಳೊಳಗೆ ಬಳಸಿ' ಅನ್ನುವುದು ಬೇರೆ, ಹುರಿದ ದಿನವೇ ಬೇರೆ. ಹುರಿದ ಬೀಜ ಮೊದಲ ಕೆಲವು ದಿನ ಗಾಳಿ ಬಿಡುತ್ತಿರುತ್ತದೆ, ಹಾಗಾಗಿ ನಿನ್ನೆ ಹುರಿದದ್ದಕ್ಕಿಂತ ವಾರ ಕಳೆದದ್ದು ಮೇಲು. ತಿಂಗಳು ದಾಟಿದರೆ ಪರಿಮಳ ಇಳಿಯತೊಡಗುತ್ತದೆ.

ತೋಟದ ಹೆಸರು, ತಳಿ, ಸಂಸ್ಕರಣೆ ಬರೆದಿದ್ದರೆ ಇನ್ನೂ ಒಳ್ಳೆಯದು. ಎಸ್. 795 ಅಂತ ತಳಿಯ ಹೆಸರು ಕಂಡರೆ ಅದು ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಕೂಸು. 'ವಾಷ್ಡ್' ಅಂದರೆ ಸುಲಿದು ತೊಳೆದದ್ದು, 'ನ್ಯಾಚುರಲ್' ಅಂದರೆ ಹಣ್ಣಿನ ಸಮೇತ ಒಣಗಿಸಿದ್ದು. ಪುಡಿ ಅಂಗಡಿಯಲ್ಲಿ ಕಲಿತ ಪ್ಲಾಂಟೇಷನ್, ಚೆರ್ರಿಗಳೇ ಇಲ್ಲಿ ಕೋಟು ಹಾಕಿಕೊಂಡು ಬಂದಿವೆ. 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಇಂಥ ಊರಿನ ಬೆಳೆ ಅನ್ನುವ ಸರ್ಕಾರಿ ಮುದ್ರೆ (ಜಿಐ), ಪಡೆದ ಐದು ಕಾಫಿಗಳಲ್ಲಿ ಮೂರು ನಮ್ಮವು: ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾ. ಪೊಟ್ಟಣದ ಮೇಲೆ ದ್ರಾಕ್ಷಿ, ಕಿತ್ತಳೆ, ಚಾಕೊಲೇಟ್ ಅಂತ ರುಚಿ ಬರೆದಿರುವುದನ್ನು ನೋಡಿ ಭಾವ, "ಅಷ್ಟೆಲ್ಲ ಬೆಳೆಯೋಕೆ ಜಾಗ ಎಲ್ಲಿದೆ ನನಗೆ" ಅಂದಿದ್ದರು. ಅವನ್ನು ಹಾಕಿರುವುದಿಲ್ಲ, ಹೋಲಿಕೆಗೆ ಹೇಳುವುದು ಅಷ್ಟೇ.

ಮೊದಲ ಸಲ ಹಾಲಿಲ್ಲದ್ದನ್ನು ಕೇಳಿ. ಸೋಸು ಕಾಗದದ ಮೇಲೆ ನೀರು ಸುತ್ತು ಹಾಕಿ ಇಳಿಸುವ ಪೋರ್‌ಓವರ್ ಆದರೆ ಮಾಡುವವರು ತೂಕದ ಯಂತ್ರ ಇಟ್ಟುಕೊಂಡಿದ್ದಾರೆಯೇ ಗಮನಿಸಿ. 15 ಗ್ರಾಂ ಪುಡಿಗೆ 240 ಮಿಲಿ ನೀರು ಸಾಮಾನ್ಯ ಲೆಕ್ಕ, ಕಣ್ಣಂದಾಜು ನಡೆಯುವುದಿಲ್ಲ. ಎಸ್‌ಪ್ರೆಸೊ, ಅಂದರೆ ಯಂತ್ರದ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿ, ಆದರೆ ಸುಮಾರು 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕು. ಗುಂಡಿ ಒತ್ತಿ ಇನ್ನೊಬ್ಬರ ಜತೆ ಹರಟುತ್ತ ನಿಂತವರು ಅದನ್ನು ನೋಡುತ್ತಿಲ್ಲ ಅಂತಲೇ ಅರ್ಥ. ಕುದಿಯುವಷ್ಟು ಬಿಸಿ ಮಾಡಿ ಅಂತ ಇಲ್ಲಿ ಕೇಳಬೇಡಿ. ಈ ಪದ್ಧತಿಯಲ್ಲಿ ಹಾಲು 60-65 ಡಿಗ್ರಿಗೇ ನಿಲ್ಲಬೇಕು, ದಾಟಿದರೆ ಅದರ ಸಿಹಿ ಹೋಗುತ್ತದೆ. ದರ್ಶಿನಿಯ ನಾಲಿಗೆಗೆ ಇದು ಉಗುರುಬೆಚ್ಚಗೆ ಅನಿಸುವುದು ನಿಜ. ನನಗೂ ಒಗ್ಗಲು ವರ್ಷ ಹಿಡಿಯಿತು.

ಹಂತ 8: ತಪ್ಪು ಹೊತ್ತಿಗೆ ಮತ್ತೆ ಹೋಗಿ

ಬೆಳಿಗ್ಗೆ ಏಳಕ್ಕೆ ಬಹುತೇಕ ಎಲ್ಲ ಅಂಗಡಿಯ ಕಾಫಿಯೂ ಚೆನ್ನಾಗಿರುತ್ತದೆ. ಹೊಸ ಡಿಕಾಕ್ಷನ್, ಹೊಸ ಹಾಲು, ಎಚ್ಚರವಿರುವ ಮಾಲೀಕ. ಪರೀಕ್ಷೆ ಇರುವುದು ಹನ್ನೊಂದೂವರೆಗೆ, ಇಲ್ಲವೇ ಮಧ್ಯಾಹ್ನ ಮೂರಕ್ಕೆ. ತಿಂಡಿಯೋ ಊಟವೋ ಮುಗಿದು ಗಿರಾಕಿ ಕಡಿಮೆಯಾದ ಆ ಹೊತ್ತಿನಲ್ಲಿ, ಇದ್ದ ಪುಡಿಗೇ ಇನ್ನೊಮ್ಮೆ ನೀರು ಹುಯ್ದು ಇಳಿಸಿದ ಎರಡನೇ ಡಿಕಾಕ್ಷನ್ ಅನ್ನು ಗಿರಾಕಿಗೆ ದಾಟಿಸುವ ಆಸೆ ಎಂಥವರಿಗೂ ಬರುತ್ತದೆ. "ಐದು ನಿಮಿಷ ಕೂತ್ಕೊಳಿ ಸಾರ್, ಡಿಕಾಕ್ಷನ್ ಇಳೀತಿದೆ" ಅಂತ ಯಾರಾದರೂ ಹೇಳಿದರೆ ಆ ಅಂಗಡಿಯನ್ನು ಬಿಡಬೇಡಿ. ಇರುವುದನ್ನೇ ಕೊಟ್ಟು ದುಡ್ಡು ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ.

ಮೂರನೇ ಸಲ, ಮಾಮೂಲಿ ಕೈ ರಜೆಯಲ್ಲಿರುವ ದಿನ ಹೋಗಿ. ಅವತ್ತೂ ರುಚಿ ಹೆಚ್ಚುಕಡಿಮೆ ಹಾಗೇ ಇದ್ದರೆ ಪಟ್ಟಿಗೆ ಸೇರಿಸಿ.

ಹಂತ 9: ಪಟ್ಟಿಯನ್ನು ವರ್ಷಕ್ಕೊಮ್ಮೆ ತಿದ್ದಿ

ನನ್ನ ಪಟ್ಟಿಯಲ್ಲಿ ಈಗ ಏಳು ಅಂಗಡಿಗಳಿವೆ. ಎಲ್ಲಿ, ಯಾವ ಹೊತ್ತು, ಯಾವತ್ತು ರಜೆ, ಯಾರ ಕೈ, ಇಷ್ಟೇ ಬರೆದಿಟ್ಟಿರುತ್ತೇನೆ. ಬಾಡಿಗೆ ಏರಿ ಒಂದು ಮುಚ್ಚಿತು, ಒಂದು ಚೈನ್ ಆಯಿತು. ಹೆಚ್ಚು ಕಾಟ ಕೊಡುವುದು ಹೆಸರೂ ಜಾಗವೂ ಹಾಗೇ ಇದ್ದು ಪುಡಿ ಮಾತ್ರ ಬದಲಾಗುವ ಅಂಗಡಿಗಳು. 2024ರಿಂದೀಚೆಗೆ ಬೀಜದ ಬೆಲೆ ಏರಿದಾಗ ಕೆಲವರು ಲೋಟದ ದರ ಏರಿಸಿದರು, ಕೆಲವರು ಲೋಟ ಚಿಕ್ಕದು ಮಾಡಿದರು, ಇನ್ನು ಕೆಲವರು ಎರಡನ್ನೂ ಮಾಡದೆ ಚಿಕೋರಿ ಏರಿಸಿದರು. ಮೊದಲಿಬ್ಬರ ಮೇಲೆ ನನಗೆ ಸಿಟ್ಟಿಲ್ಲ. ದರ ಹಾಗೇ ಇದ್ದು, ಬಣ್ಣ ಇನ್ನಷ್ಟು ಕಪ್ಪಾಗಿ, ವಾಸನೆ ತೆಳುವಾದರೆ ಅನುಮಾನಪಡಿ. ಖಚಿತ ಮಾಡಿಕೊಳ್ಳಲು ಪುಡಿ ಅಂಗಡಿಗೇ ವಾಪಸ್ ಹೋಗಬೇಕು. ಈ ಹೊತ್ತಿಗೆ ಅವರು ನಿಮ್ಮನ್ನು ಕಂಡ ಕೂಡಲೇ ಸ್ಟೂಲು ಎಳೆದು ಕೊಡುವಷ್ಟು ಪರಿಚಯವಾಗಿರುತ್ತೀರಿ, ಕೇಳಿದರೆ ಹೇಳುತ್ತಾರೆ.

ಭಾವ ಹೋದ ತಿಂಗಳು ಬಂದಿದ್ದರು. ಬೋರ್ಡಿಲ್ಲದ ಅಂಗಡಿಗೆ ಕರೆದುಕೊಂಡು ಹೋದೆ. ಲೋಟ ಪೂರ್ತಿ ಖಾಲಿ ಮಾಡಿ, ಕೆಳಗಿಟ್ಟು, ಕೌಂಟರಿನವರನ್ನು ಕೇಳಿದರು: "ಬೆಲ್ಲದ್ದು ಸಿಗಲ್ವಾ?"